ಎರೆನೆಲದ ಓಟ: ಸಿದ್ಧತೆ ಯಾರದು?

ಈಚಿನ ವರ್ಷಗಳಲ್ಲಿ ದೂರದ ಓಟದ ಪಂದ್ಯಗಳು ನಮ್ಮ ನಾಡಿನ ಅನೇಕ ಊರುಗಳಲ್ಲಿ ಬಳಕೆಗೆ ಬಂದಿವೆ. ವಿಜಯಪುರವೂ ಇದಕ್ಕೆ ಹೊರತಲ್ಲ. 2023ನೆಯ ಇಸವಿ ಡಿಸೆಂಬರ್ 24ರಂದು ಆ ನಗರದಲ್ಲಿ ನಡೆದ ‘ವೃಕ್ಷಥಾನ್’ ಎಂಬ ಓಟದಲ್ಲಿ, ಗಿಡಮರಗಳ ರಕ್ಷಣೆಯ ಹೆಸರಿನಲ್ಲಿ ಸಾವಿರಾರು ಮಂದಿ ಪಾಲುಗೊಂಡರು. 21 ಕಿಲೊಮೀಟರು, 10 ಕಿಲೊಮೀಟರು, 5 ಕಿಲೊಮೀಟರು ಎಂದು ಶಕ್ತಿಗೆ ತಕ್ಕಂತೆ ದೂರಗಳನ್ನು ಗೊತ್ತುಮಾಡಿದ್ದರು. ಅದು ನಗರದ ಬೀದಿಗಳಲ್ಲಿ ನಡೆದ ಓಟ. ಆದರೆ ಓಟದ ರುಚಿ ಒಮ್ಮೆ ಹತ್ತಿದವರಿಗೆ ಡಾಂಬರಿನ ದಾರಿ ಬಹುಕಾಲ ಸಾಲದು. ಅವರ ಮನಸ್ಸು ಮಣ್ಣಿನ ದಾರಿಯ ಕಡೆಗೆ ತಿರುಗುತ್ತದೆ. ಕಾಡು, ಗುಡ್ಡ, ಹೊಲಗಳ ಕಾಲುದಾರಿಯಲ್ಲಿ ಓಡುವ ಈ ಕ್ರೀಡೆಯನ್ನು ‘ಟ್ರೇಲ್ ರನ್ನಿಂಗ್’ ಎಂದು ಕರೆಯುತ್ತಾರೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾ ಓಟವನ್ನು ಕುರಿತು ವಾಚಕರಲ್ಲಿ ಹಲವರು ಕೇಳಿರಬಹುದು.

ಇಂತಹ ಓಟಕ್ಕಾಗಿ ಬಯಲುಸೀಮೆಯವರು ಮಲೆನಾಡನ್ನೇ ಅರಸಿಕೊಂಡು ಹೋಗಬೇಕಾಗಿಲ್ಲವೆಂಬುದು ನಮ್ಮ ಅಭಿಪ್ರಾಯ. ವಿಜಯಪುರದಿಂದ ಪಡುವಲಿಗೆ ತಿಕೋಟಾ, ನೈರುತ್ಯಕ್ಕೆ ಬಬಲೇಶ್ವರ. ಈ ಮೂರು ಊರುಗಳನ್ನು ಗೆರೆಯೆಳೆದು ಕೂಡಿಸಿದರೆ ಒಂದೊಂದು ಭುಜವೂ ಸುಮಾರು ಇಪ್ಪತ್ತು ಇಪ್ಪತ್ತೈದು ಕಿಲೊಮೀಟರಿನ ಒಂದು ತ್ರಿಕೋಣವಾಗುತ್ತದೆ. ಅದರೊಳಗೆ ಜೋಳದ ಹೊಲಗಳಿವೆ, ದ್ರಾಕ್ಷಿಯ ತೋಟಗಳಿವೆ, ಕಲ್ಲುನೆಲದ ಮಡ್ಡಿಗಳಿವೆ, ಡೋಣಿ ನದಿಯ ಬಯಲಿದೆ. ಇವೆಲ್ಲವನ್ನೂ ಬೆಸೆಯುವ ಬಂಡಿಯ ಜಾಡುಗಳಿವೆ. ಓಟಗಾರನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೆ? ಆದರೆ ಪಾಠಶಾಲೆಯನ್ನು ಸೇರುವ ಮೊದಲು ಪಾಠ ಯಾವುದೆಂದು ತಿಳಿದಿರಬೇಕು. ಪೂರ್ವಸಿದ್ಧತೆಯೆಂದೊಡನೆ ಬೆಲೆಬಾಳುವ ಪಾದರಕ್ಷೆ, ಕೈಗೆ ಕಟ್ಟುವ ಗಡಿಯಾರ, ಪೊಟ್ಟಣದಲ್ಲಿ ಬರುವ ಸಿಹಿಪಾಕ ಇವೇ ನೆನಪಿಗೆ ಬರುವ ಕಾಲವಿದು. ಸಿದ್ಧತೆಯೆಂದರೆ ಮೂರು ಸಂಗತಿಗಳನ್ನು ಅರಿಯುವುದು ಎಂದು ನಾವು ಹೇಳುತ್ತೇವೆ: ನೆಲ, ಮೈ ಮತ್ತು ಬಿಸಿಲು. ಇದರಲ್ಲಿ ಅರ್ಧ ಭಾಗ ಓಟಗಾರನ ಹೊಣೆ. ಉಳಿದರ್ಧ ಓಟವನ್ನು ಏರ್ಪಡಿಸುವವರ ಹೊಣೆ. ಮೊದಲನೆಯ ಅರ್ಧವನ್ನು ಹೇಳುವವರು ಬಹಳ ಮಂದಿ ಇದ್ದಾರೆ. ಎರಡನೆಯದನ್ನು ಕೇಳುವವರು ಕಡಮೆ.

ಮೊದಲು ನೆಲದ ವಿಚಾರ. ಈ ಸೀಮೆಯ ಎರೆಮಣ್ಣು ದಖ್ಖನಿನ ಕಪ್ಪುಶಿಲೆ ಸವೆದು ಆದದ್ದು. ಇದರ ಜೇಡಿಯಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜಾತಿಯ ಖನಿಜ ಹೇರಳವಾಗಿದೆ. ಅದರ ಕಣಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಜೋಡಿಸಿಕೊಂಡ ಪದರಗಳು. ಮಳೆ ಬಿದ್ದಾಗ ನೀರು ಈ ಪದರಗಳ ನಡುವೆ ನುಗ್ಗಿ ಅವನ್ನು ಅಗಲಿಸುತ್ತದೆ, ಮಣ್ಣು ಉಬ್ಬುತ್ತದೆ. ಒಣಗಿದಾಗ ನೀರು ಹೋಗಿ ಮಣ್ಣು ಕುಗ್ಗುತ್ತದೆ, ನೆಲ ಬಿರಿಯುತ್ತದೆ. ಮಳೆಯ ನೀರನ್ನು ಹೀಗೆ ಹಿಡಿದಿಟ್ಟುಕೊಳ್ಳುವ ಗುಣದಿಂದಲೇ ಹಿಂಗಾರಿಯಲ್ಲಿ ಬಿತ್ತಿದ ಜೋಳ ಹೆಚ್ಚಿನ ಮಳೆಯಿಲ್ಲದೆ ತೆನೆಗಟ್ಟುತ್ತದೆ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂಬ ಗಾದೆಯ ಹಿಂದಿರುವುದು ಈ ಮಣ್ಣಿನ ಗುಣವೇ.

ಒಕ್ಕಲಿಗನಿಗೆ ವರವಾದ ಗುಣ ಓಟಗಾರನಿಗೆ ಎರಡು ವಿಧದ ತೊಡಕನ್ನು ತರುತ್ತದೆ. ಹಸಿಯಾದ ಎರೆಯು ಪಾದರಕ್ಷೆಗೆ ಮೆತ್ತಿಕೊಂಡು ಹೆಜ್ಜೆಹೆಜ್ಜೆಗೂ ಬೆಳೆಯುತ್ತದೆ. ಪಾದದ ಮೇಲೆ ಹೊತ್ತ ಭಾರ ಬೆನ್ನಿನ ಮೇಲೆ ಹೊತ್ತ ಭಾರದಂತಲ್ಲ. ಪ್ರತಿ ಹೆಜ್ಜೆಯಲ್ಲಿಯೂ ಅದನ್ನು ಎತ್ತಿ ಮುಂದಕ್ಕೆ ಬೀಸಬೇಕು. ಒಂದೊಂದು ಪಾದರಕ್ಷೆಗೂ 100 ಗ್ರಾಂ ತೂಕ ಕೂಡಿದರೆ ಓಟಕ್ಕೆ ತಗಲುವ ಆಮ್ಲಜನಕ ಸುಮಾರು ಶೇಕಡ 1ರಷ್ಟು ಹೆಚ್ಚುತ್ತದೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಕಾಲಿಗೆ ಅರ್ಧ ಕಿಲೊ ಕೆಸರು ಹತ್ತಿತೆಂದರೆ ಶೇಕಡ 5ರಷ್ಟು ದುಡಿಮೆ ಹೆಚ್ಚಿತೆಂದೇ ಲೆಕ್ಕ. ಕೆಸರಿನ ಜಾರಿಕೆ, ಹೀರಿಕೆಗಳ ಲೆಕ್ಕ ಬೇರೆ. ಹೀಗಿರುವಾಗ ಎಷ್ಟು ಬೆಲೆಯ ಹಗುರ ಪಾದರಕ್ಷೆಯನ್ನು ಕೊಂಡರೇನು? ಇನ್ನು ಬೇಸಗೆಯಲ್ಲಿ ಬಿರಿದ ಎರೆಯ ಬಿರುಕುಗಳಲ್ಲಿ ಪಾದ ಸಿಕ್ಕಿಕೊಂಡರೆ ಹರಡು ಉಳುಕುವುದು ನಿಶ್ಚಯ. ಮಡ್ಡಿಯ ನೆಲದಲ್ಲಿ ಎರೆಯ ಕಾಟವಿಲ್ಲ. ಬದಲಾಗಿ ಉರುಳುವ ಗುಂಡುಗಲ್ಲು, ಜಾಲಿಯ ಮುಳ್ಳು, ನೆಗ್ಗಿಲು ಇವುಗಳ ಕಾಟವುಂಟು. ಕೊಯ್ಲಾದ ಜೋಳದ ಹೊಲದಲ್ಲಿ ಕೂಳೆಯು ಈಟಿಯಂತೆ ನಿಂತಿರುತ್ತದೆ. ಆದುದರಿಂದ ಓಡುವ ದಾರಿಯನ್ನು ಮೊದಲು ಹಗಲಿನಲ್ಲಿ ನಡೆದು ನೋಡಬೇಕು. ಇದೇ ಸಿದ್ಧತೆಯ ಮೊದಲ ಪಾಠ. ಕೃಷ್ಣೆಯ ನೀರು ಏತ ನೀರಾವರಿಯಿಂದ ಈ ಭಾಗಕ್ಕೆ ಬಂದಮೇಲೆ, ಮಳೆಗಾಲ ಕಳೆದು ಬಹುದಿನವಾದರೂ ನೀರುಣಿಸಿದ ಹೊಲದ ಅಂಚಿನ ಜಾಡು ಹಸಿಯಾಗಿರಬಹುದೆಂಬುದನ್ನು ಮರೆಯಬಾರದು.

ಎರಡನೆಯದು ಮೈಯ ವಿಚಾರ. ಓಟಗಾರರು ದೇಹದ ಎಲ್ಲ ಅಂಗಗಳೂ ಒಂದೇ ವೇಗದಲ್ಲಿ ಬಲಗೊಳ್ಳುತ್ತವೆಂದು ಭಾವಿಸುತ್ತಾರೆ. ಹಾಗಲ್ಲ. ಕೆಲವೇ ವಾರಗಳ ಅಭ್ಯಾಸದಿಂದ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕಲು ಕಲಿಯುತ್ತದೆ, ಏದುಸಿರು ಕಡಮೆಯಾಗುತ್ತದೆ. ಸ್ನಾಯುಗಳನ್ನು ಮೂಳೆಗೆ ಕಟ್ಟುವ ಸ್ನಾಯುಬಂಧಗಳೂ ಮೂಳೆಗಳೂ ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ‘ಓಡು’ ಎಂದಾಗ ಮೂಳೆ ‘ತಾಳು’ ಎನ್ನುತ್ತದೆ. ಹುರುಪಿನಿಂದ ಎರಡನೆಯ ತಿಂಗಳಿನಲ್ಲಿಯೇ ದೂರವನ್ನು ಇಮ್ಮಡಿ ಮಾಡಿದವರ ಮೊಳಗಾಲ ಮೂಳೆಯಲ್ಲಿ ಸೂಕ್ಷ್ಮವಾದ ಬಿರುಕು ಕಾಣಿಸಿಕೊಳ್ಳುವುದು ಈ ಕಾರಣದಿಂದಲೇ. ವಾರದ ದೂರವನ್ನು ಸ್ವಲ್ಪಸ್ವಲ್ಪವಾಗಿ ಏರಿಸಬೇಕು. ಮೂರು ವಾರ ಏರಿಸಿ ನಾಲ್ಕನೆಯ ವಾರ ಇಳಿಸಬೇಕು. ಹೆಚ್ಚಿನ ಓಟವೆಲ್ಲ ಜೊತೆಯವನೊಡನೆ ಮಾತನಾಡಬಲ್ಲಷ್ಟು ನಿಧಾನವಾಗಿರಬೇಕು. ಮಣ್ಣಿನ ದಾರಿಯಲ್ಲಿ ದೂರಕ್ಕಿಂತ ಕಾಲವೇ ಸರಿಯಾದ ಅಳತೆ. ಡಾಂಬರಿನ ಮೇಲೆ ಒಂದು ಗಂಟೆಯಲ್ಲಿ ಮುಗಿಯುವ ಹತ್ತು ಕಿಲೊಮೀಟರಿಗೆ ಬಂಡಿಯ ಜಾಡಿನಲ್ಲಿ ಕಾಲು ಗಂಟೆ ಹೆಚ್ಚು ಹಿಡಿದರೆ ಅದು ಸೋಲಲ್ಲ.

ಹರಡಿನ ವಿಚಾರವನ್ನೂ ಹೇಳಬೇಕು. ನೆಲ ಓರೆಯಾಗಿದ್ದರೆ ಅದನ್ನು ಕಣ್ಣು ಕಾಣುವ ಮೊದಲೇ ಪಾದದ ಕೀಲುಗಳಲ್ಲಿರುವ ನರತುದಿಗಳು ಅರಿತು ಸ್ನಾಯುಗಳನ್ನು ಎಚ್ಚರಿಸುತ್ತವೆ. ಸಮನೆಲದಲ್ಲಿಯೇ ನಡೆದವನಲ್ಲಿ ಈ ಅರಿವು ಮಂದವಾಗಿರುತ್ತದೆ. ದಿನವೂ ಕೆಲವು ನಿಮಿಷ ಒಂಟಿಕಾಲಿನ ಮೇಲೆ ನಿಲ್ಲುವುದರಿಂದ ಅದು ಚುರುಕಾಗುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ. ಇಳಿಜಾರಿನ ಓಟಕ್ಕೂ ಪ್ರತ್ಯೇಕವಾದ ಅಭ್ಯಾಸ ಬೇಕು. ಇಳಿಯುವಾಗ ತೊಡೆಯ ಸ್ನಾಯು ಬಿಗಿಯುತ್ತಲೇ ಎಳೆಯಲ್ಪಡುತ್ತದೆ. ಮರುದಿನ ಮೆಟ್ಟಿಲಿಳಿಯಲಾರದಂತೆ ಮಾಡುವ ನೋವು ಇದರ ಫಲ. ಒಮ್ಮೆ ಹೀಗೆ ನೊಂದ ಸ್ನಾಯು ಮುಂದಿನ ಸಲ ಅಷ್ಟು ನೋಯುವುದಿಲ್ಲ. ಮಡ್ಡಿಯ ಸಣ್ಣ ಇಳಿಜಾರನ್ನು ಹತ್ತು ಸಲ ಹತ್ತಿ ಇಳಿದವನು ಸಹ್ಯಾದ್ರಿಯ ಇಳಿಜಾರಿಗೆ ಹೆದರಬೇಕಾಗಿಲ್ಲ.

ಆಹಾರದ ಮಾತಿಗೆ ಬಂದರೆ ಈ ಸೀಮೆಯವರು ಬಹಳ ಅದೃಷ್ಟಶಾಲಿಗಳು. 60 ಕಿಲೊ ತೂಕದ ಮನುಷ್ಯ ಒಂದು ಕಿಲೊಮೀಟರು ಓಡಲು ಸುಮಾರು 60 ಕಿಲೊಕ್ಯಾಲರಿ ವ್ಯಯಿಸುತ್ತಾನೆ. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಟ್ಟ ಗ್ಲೈಕೊಜೆನ್ ಎಂಬ ಪಿಷ್ಟದಿಂದ ದೊರೆಯುವುದು ಸುಮಾರು 2000 ಕಿಲೊಕ್ಯಾಲರಿ. ಅಂದರೆ ಮೂವತ್ತು ಕಿಲೊಮೀಟರು ದಾಟುವ ಹೊತ್ತಿಗೆ ಕಣಜ ಬರಿದಾಗುತ್ತ ಬರುತ್ತದೆ. ಕೊಬ್ಬು ಉರಿಯುವುದಾದರೂ ಅದರ ಉರಿ ನಿಧಾನ. ಆದುದರಿಂದ ದೂರದ ಓಟದಲ್ಲಿ ನಡುನಡುವೆ ಸಕ್ಕರೆಯ ಅಂಶ ಬೇಕು. ಇದಕ್ಕಾಗಿ ಮಾರುವ ಮಿಠಾಯಿಗಳನ್ನೂ ಒಣದ್ರಾಕ್ಷಿಯನ್ನೂ ಹೋಲಿಸಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನಡೆಸಿದ ಒಂದು ಪ್ರಯೋಗದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. 11 ಮಂದಿ ಓಟಗಾರರು 80 ನಿಮಿಷ ಓಡಿ, ಅನಂತರ 5 ಕಿಲೊಮೀಟರನ್ನು ಸಾಧ್ಯವಾದಷ್ಟು ವೇಗವಾಗಿ ಓಡಿದರು. ಬರಿಯ ನೀರು ಕುಡಿದಾಗಿನದಕ್ಕಿಂತ ಮಿಠಾಯಿ ತಿಂದಾಗಲೂ ಒಣದ್ರಾಕ್ಷಿ ತಿಂದಾಗಲೂ ಓಟ ಚುರುಕಾಗಿತ್ತು. ಇವೆರಡರ ನಡುವೆ ಹೆಚ್ಚುಕಡಿಮೆ ಕಾಣಲಿಲ್ಲ. ಹನ್ನೊಂದು ಮಂದಿಯ ಮೇಲಿನ ಪ್ರಯೋಗ ಕೊನೆಯ ಮಾತಲ್ಲ, ನಿಜ. ಆದರೂ ತಿಕೋಟಾದ ಸುತ್ತ ದ್ರಾಕ್ಷಿಯನ್ನು ಬೆಳೆದು ಒಣಗಿಸುವ ಜನ ದೂರದೇಶದ ಪೊಟ್ಟಣಕ್ಕೆ ಕೈಚಾಚುವ ಮೊದಲು ಈ ಸಂಗತಿಯನ್ನು ನೆನೆಯುವುದು ಒಳ್ಳೆಯದು. ಹಿಂದಿನ ರಾತ್ರಿ ಜೋಳದ ರೊಟ್ಟಿ, ದಾರಿಯಲ್ಲಿ ಒಣದ್ರಾಕ್ಷಿ, ಓಟ ಮುಗಿದ ಮೇಲೆ ಉಪ್ಪು ಬೆರೆಸಿದ ಮಜ್ಜಿಗೆ: ಇದು ವಿಜ್ಞಾನಕ್ಕೆ ಒಪ್ಪುವ ಊಟವೇ ಸರಿ. ಆದರೆ ಯಾವುದನ್ನೇ ಆಗಲಿ ಪಂದ್ಯದ ದಿನವೇ ಮೊದಲಬಾರಿಗೆ ತಿನ್ನಬಾರದು. ಹೊಟ್ಟೆಗೂ ಅಭ್ಯಾಸ ಬೇಕು.

ಮೂರನೆಯದು ಬಿಸಿಲು. ಪ್ರಾಣಕ್ಕೆ ಎರವಾಗಬಲ್ಲದ್ದು ಇದೇ ಆದ್ದರಿಂದ ತುಸು ಲೆಕ್ಕ ಹಾಕಿ ನೋಡೋಣ. ಮೇಲೆ ಹೇಳಿದ 60 ಕಿಲೊ ತೂಕದ ಮನುಷ್ಯ ಗಂಟೆಗೆ 10 ಕಿಲೊಮೀಟರಿನಂತೆ ಓಡಿದರೆ 600 ಕಿಲೊಕ್ಯಾಲರಿ ಖರ್ಚಾಗುತ್ತದೆ. ಇದರ ಐದನೆಯ ಒಂದು ಭಾಗವಷ್ಟೆ ಕೆಲಸವಾಗಿ ಮಾರ್ಪಡುತ್ತದೆ. ಉಳಿದ 480 ಕಿಲೊಕ್ಯಾಲರಿ ಶಾಖವಾಗುತ್ತದೆ. ಆ ಮೈಯನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 50 ಕಿಲೊಕ್ಯಾಲರಿ ಸಾಕು. ಶಾಖ ಹೊರಗೆ ಹೋಗದೆ ಉಳಿದರೆ ಆರೇಳು ನಿಮಿಷಕ್ಕೊಂದು ಡಿಗ್ರಿಯಂತೆ ಮೈ ಕಾಯುತ್ತ ಹೋಗಿ, 37 ಡಿಗ್ರಿಯಿಂದ 40 ಡಿಗ್ರಿಗೆ ಇಪ್ಪತ್ತು ನಿಮಿಷದಲ್ಲಿ ಏರೀತು. ಹಾಗಾಗದಂತೆ ಕಾಯುವುದು ಬೆವರು. ಒಂದು ಗ್ರಾಂ ಬೆವರು ಆವಿಯಾಗುವಾಗ ಅರ್ಧ ಕಿಲೊಕ್ಯಾಲರಿಗಿಂತ ತುಸು ಹೆಚ್ಚು ಶಾಖವನ್ನು ಒಯ್ಯುತ್ತದೆ. ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗುವುದೂ ಇದೇ ತತ್ತ್ವದಿಂದ. ಆ ಶಾಖವನ್ನೆಲ್ಲ ಕಳೆಯಲು ಗಂಟೆಗೆ ಮುಕ್ಕಾಲು ಲೀಟರಿಗಿಂತ ಹೆಚ್ಚು ಬೆವರು ಆವಿಯಾಗಬೇಕು.

ವಿಜಯಪುರದ ಒಣಹವೆಯಲ್ಲಿ ಬೆವರು ಬೇಗ ಆರುತ್ತದೆ, ಇದು ಗುಣ. ಬೆವರಿದ್ದೇ ತಿಳಿಯದೆ ಮೈಯ ನೀರು ತೀರುತ್ತದೆ, ಇದು ದೋಷ. ಹೊತ್ತೇರಿದಂತೆಲ್ಲ ಕಪ್ಪು ನೆಲ ಬಿಸಿಲನ್ನು ಹೀರಿ ಕೆಳಗಿನಿಂದಲೂ ಕಾವನ್ನು ಎರಚುತ್ತದೆ. ಮೈ ಬಿಸಿಲಿಗೆ ಹೊಂದಿಕೊಳ್ಳಬಲ್ಲದು. ಹತ್ತರಿಂದ ಹದಿನಾಲ್ಕು ದಿನ ಬಿಸಿಲಿನಲ್ಲಿ ಹಿತಮಿತವಾಗಿ ದುಡಿದರೆ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಮೂಡುತ್ತದೆ, ಅದರಲ್ಲಿನ ಉಪ್ಪು ಕಡಮೆಯಾಗುತ್ತದೆ. ಅಭ್ಯಾಸ ಬಿಟ್ಟ ಕೆಲವು ವಾರಗಳಲ್ಲಿ ಈ ಲಾಭ ಕರಗಿಹೋಗುತ್ತದೆ. ಹೊಲದಲ್ಲಿ ದುಡಿಯುವವನಿಗೆ ಇದು ಸಹಜವಾಗಿ ಒದಗಿರುತ್ತದೆ. ಕಚೇರಿಯ ತಂಪಿನಲ್ಲಿ ಕುಳಿತವನಿಗಾಗಲಿ ಬೆಂಗಳೂರಿನಿಂದ ಹಿಂದಿನ ರಾತ್ರಿ ಬಂದಿಳಿದವನಿಗಾಗಲಿ ಒದಗಿರುವುದಿಲ್ಲ.

ನೀರನ್ನು ಕುರಿತು ಒಂದು ತಪ್ಪು ಕಲ್ಪನೆ ಬಹಳ ಹಬ್ಬಿದೆ. ಎಷ್ಟು ಕುಡಿದರೂ ಒಳ್ಳೆಯದೆಂಬುದೇ ಆ ಕಲ್ಪನೆ. 2002ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಡಿದ 488 ಮಂದಿಯ ರಕ್ತವನ್ನು ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಅಂಶ ಇರಬೇಕಾದುದಕ್ಕಿಂತ ಇಳಿದಿತ್ತು. ಓಟದ ಕಾಲದಲ್ಲಿ ತೂಕ ಹೆಚ್ಚಿಸಿಕೊಂಡವರಲ್ಲಿ, ಎಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ, ಇದು ವಿಶೇಷವಾಗಿ ಕಂಡಿತು. ಸೋಡಿಯಂ ತೀರ ಇಳಿದರೆ ಮಿದುಳು ಬಾತು ಪ್ರಾಣಾಪಾಯವಾಗಬಹುದು. ಬಾಯಾರಿದಾಗ ಕುಡಿಯುವುದು, ಅಭ್ಯಾಸದ ದಿನಗಳಲ್ಲಿ ಓಟಕ್ಕೆ ಮೊದಲೂ ಆಮೇಲೂ ತೂಕ ನೋಡಿಕೊಂಡು ತನ್ನ ಬೆವರಿನ ಅಳತೆಯನ್ನು ತಿಳಿಯುವುದು: ಇವೆರಡು ಸಾಕು.

ಇಲ್ಲಿಯವರೆಗೆ ಹೇಳಿದ್ದು ಓಟಗಾರನ ಪಾಲು. ಇನ್ನು ಏರ್ಪಡಿಸುವವರ ಪಾಲು. ಈ ಪಾಲನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ಚೀನದ ಗಾನ್ಸು ಪ್ರಾಂತದ ಘಟನೆ ಸಾಕ್ಷಿ. 2021ರ ಮೇ 22ರಂದು ಅಲ್ಲಿ ನಡೆದ ಬೆಟ್ಟದೋಟದಲ್ಲಿ 172 ಮಂದಿ ಹೊರಟರು. ನಡುದಾರಿಯಲ್ಲಿ ಆಲಿಕಲ್ಲು, ತಣ್ಣನೆಯ ಮಳೆ, ಬಿರುಗಾಳಿ ಒಟ್ಟಿಗೆ ಬಂದವು. 21 ಮಂದಿ ಪ್ರಾಣಬಿಟ್ಟರು. ಮಡಿದವರಲ್ಲಿ ಆ ದೇಶದ ಮೇಲ್ದರ್ಜೆಯ ಓಟಗಾರರೂ ಇದ್ದರು. ಅವರ ಸಿದ್ಧತೆಯಲ್ಲಿ ಏನು ಕೊರತೆಯಿತ್ತು? ವ್ಯಕ್ತಿಯ ಸಿದ್ಧತೆ ಎಷ್ಟೇ ಪೂರ್ಣವಾಗಿರಲಿ, ಹವೆಯನ್ನು ಲೆಕ್ಕಿಸದ ವ್ಯವಸ್ಥೆಯನ್ನು ಅದು ತುಂಬಿಕೊಡಲಾರದು. ನಮ್ಮ ಎರೆನಾಡಿನಲ್ಲಿ ಭಯ ಚಳಿಯದಲ್ಲ, ಬಿಸಿಲಿನದು. ನೀತಿ ಮಾತ್ರ ಒಂದೇ.

ಬಿಸಿಲಿನ ಭಯವನ್ನು ಅಳೆಯುವ ಸಾಧನವುಂಟು. 1950ರ ದಶಕದಲ್ಲಿ ಅಮೆರಿಕದ ಸೇನೆಯ ತರಬೇತಿ ಶಿಬಿರಗಳಲ್ಲಿ ಯುವಕರು ಬಿಸಿಲಿನ ಹೊಡೆತಕ್ಕೆ ಸಿಕ್ಕಿ ಬೀಳುತ್ತಿದ್ದುದನ್ನು ತಡೆಯಲು ಒಂದು ಅಳತೆಯನ್ನು ರೂಪಿಸಿದರು. ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕ, ಕಪ್ಪು ಗೋಳದೊಳಗಿನ ಉಷ್ಣಮಾಪಕ, ನೆರಳಿನ ಉಷ್ಣಮಾಪಕ ಈ ಮೂರನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ಹತ್ತರಲ್ಲಿ ಏಳು ಪಾಲು ಒದ್ದೆಬಟ್ಟೆಯದಕ್ಕೆ, ಎರಡು ಪಾಲು ಗೋಳಕ್ಕೆ, ಒಂದು ಪಾಲು ನೆರಳಿನದಕ್ಕೆ. ಹೀಗೆ ಬಂದ ಅಂಕ 28 ಡಿಗ್ರಿಯನ್ನು ದಾಟಿದರೆ ದೂರದ ಓಟವನ್ನು ನಡೆಸದಿರುವುದು ಲೇಸೆಂದು ಕ್ರೀಡಾವೈದ್ಯರು ಹೇಳುತ್ತ ಬಂದಿದ್ದಾರೆ. ಇಂತಹ ಉಪಕರಣ ಪಂದ್ಯದ ಒಟ್ಟು ಖರ್ಚಿನ ಮುಂದೆ ಅಲ್ಪ. ಪದಕಕ್ಕೂ ಪ್ರಚಾರಫಲಕಕ್ಕೂ ಹಣವುಂಟು, ಉಷ್ಣಮಾಪಕಕ್ಕೆ ಇಲ್ಲ ಎಂದರೆ ಒಪ್ಪುವ ಮಾತೆ?

ಎಚ್ಚರಿಕೆಯನ್ನು ಮೀರಿಯೂ ಯಾರಾದರೂ ಬಿಸಿಲಿನ ಹೊಡೆತಕ್ಕೆ ಸಿಕ್ಕಬಹುದು. ತಡಬಡಿಸುವ ಮಾತು, ತೂರಾಡುವ ನಡಿಗೆ, ದಿಕ್ಕು ತಪ್ಪಿದ ವರ್ತನೆ ಇವು ಅದರ ಗುರುತು. ಆಗ ಮಾಡಬೇಕಾದುದು ಏನು? ಹಲವರು ಮೊದಲು ವಾಹನವನ್ನು ಹುಡುಕುತ್ತಾರೆ. ಮೊದಲು ತಂಪು, ಆಮೇಲೆ ಸಾಗಣೆ ಎಂಬುದೇ ಸರಿಯಾದ ಕ್ರಮ. ಅಮೆರಿಕದ ಫಾಲ್ಮತ್ ಎಂಬ ಊರಿನ ಬೇಸಗೆಯ ಓಟದಲ್ಲಿ ಹದಿನೆಂಟು ವರ್ಷಗಳ ಅವಧಿಯಲ್ಲಿ 274 ಮಂದಿ ಬಿಸಿಲಿನ ಹೊಡೆತಕ್ಕೆ ಸಿಕ್ಕಿದ್ದರು. ಅವರನ್ನು ಅಲ್ಲಿಯೇ ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಿ ತಣಿಸಿದರು. ಎಲ್ಲರೂ ಬದುಕಿದರು. ಇದಕ್ಕೆ ದೊಡ್ಡ ಆಸ್ಪತ್ರೆ ಬೇಕಾಗಿಲ್ಲ. ತೊಟ್ಟಿ ದೊರೆಯದಿದ್ದರೆ ರಾಶಿ ಮುಚ್ಚುವ ತಾಡಪತ್ರಿಯೇ ಸಾಕು: ನಾಲ್ಕಾರು ಮಂದಿ ಅದರ ಅಂಚುಗಳನ್ನು ಎತ್ತಿ ಹಿಡಿದು, ರೋಗಿಯನ್ನು ನಡುವೆ ಮಲಗಿಸಿ, ಬರ್ಫದ ನೀರನ್ನು ಸುರಿದು ಕುಲುಕಬೇಕು. ತಲೆಯನ್ನು ಒಬ್ಬರು ಮೇಲೆತ್ತಿ ಹಿಡಿದಿರಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು. ತೋಟದ ಕೃಷಿಹೊಂಡಕ್ಕೆ ಇಳಿಸಲೂ ಬಾರದು. ಓಟದ ದಾರಿಯಲ್ಲಿ ಐದಾರು ಕಿಲೊಮೀಟರಿಗೊಂದರಂತೆ ತಾಡಪತ್ರಿ, ಬರ್ಫ, ಬಲ್ಲ ಜನ ಇವು ಸಿದ್ಧವಿಲ್ಲದಿದ್ದರೆ ಆ ಓಟವನ್ನು ನಡೆಸಕೂಡದೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

‘ಇಷ್ಟೆಲ್ಲ ಏಕೆ? ನಮ್ಮ ಕಡೆಯ ಭಕ್ತರು ಯಾವ ಸಾಧನವೂ ಇಲ್ಲದೆ ಯುಗಾದಿಯ ಮುಂಚೆ ಶ್ರೀಶೈಲಕ್ಕೆ ನೂರಾರು ಕಿಲೊಮೀಟರು ನಡೆದು ಹೋಗುವುದಿಲ್ಲವೆ?’ ಎಂದು ಕೇಳುವವರುಂಟು. ಹೋಗುತ್ತಾರೆ. ಆದರೆ ಅವರ ಕ್ರಮವನ್ನು ನೋಡಬೇಕು. ನಸುಕಿನಲ್ಲಿ ನಡೆಯುತ್ತಾರೆ, ನಡುಹಗಲು ಮರದ ನೆರಳನ್ನು ಸೇರುತ್ತಾರೆ, ಹೊತ್ತಿಳಿದ ಮೇಲೆ ಮತ್ತೆ ಹೊರಡುತ್ತಾರೆ. ದಾರಿಯ ಊರವರು ನೀರನ್ನೂ ಅನ್ನವನ್ನೂ ಇಟ್ಟುಕೊಂಡು ಕಾಯುತ್ತಾರೆ. ಹವೆಯನ್ನು ಅರಿತ ವೇಳಾಪಟ್ಟಿ, ದಾರಿಯುದ್ದಕ್ಕೂ ಆಸರೆ. ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಯಾವುದು? ಆ ಉದಾಹರಣೆ ನಮ್ಮ ವಾದವನ್ನು ಮುರಿಯುವುದಿಲ್ಲ, ಗಟ್ಟಿಮಾಡುತ್ತದೆ. ಈ ನಗರದ ಇತಿಹಾಸವೂ ಅದನ್ನೇ ಹೇಳುತ್ತದೆ. ಒಂದನೆಯ ಅಲಿ ಆದಿಲ್‌ಷಾನ ಕಾಲದಲ್ಲಿಯೇ ತೊರವಿಯ ಕಡೆಯಿಂದ ನೆಲದೊಳಗಿನ ಕಾಲುವೆಯಲ್ಲಿ ನಗರಕ್ಕೆ ನೀರು ಬಂದಿತು. ಗೋಳಗುಮ್ಮಟ ಮುಗಿದದ್ದು ಸುಮಾರು 1656ರಲ್ಲಿ. ಮೊದಲು ನೀರು, ಆಮೇಲೆ ವೈಭವ.

ಕೊನೆಯದಾಗಿ ಒಂದು ಮಾತು. ಮಣ್ಣಿನ ದಾರಿಯ ಓಟ ಅನುಕೂಲಸ್ಥರ ವಿನೋದವೆಂದು ತಳ್ಳಿಹಾಕುವವರು ಈ ಜಿಲ್ಲೆಯ ನಸುಕನ್ನು ನೋಡಿದವರಲ್ಲ. ಪೊಲೀಸ್ ಇಲಾಖೆಗೆ, ಸೇನೆಗೆ ಸೇರಬಯಸುವ ಹಳ್ಳಿಯ ಹುಡುಗರು 1600 ಮೀಟರಿನ ಪರೀಕ್ಷೆಗಾಗಿ ಕತ್ತಲಲ್ಲಿಯೇ ಹೆದ್ದಾರಿಯ ಅಂಚಿನಲ್ಲಿ ಓಡುತ್ತಾರೆ. ಕಬ್ಬು ನುರಿಸುವ ಕಾಲದಲ್ಲಿ ಅದೇ ದಾರಿಯಲ್ಲಿ ಹೇರು ತುಂಬಿದ ಟ್ರ್ಯಾಕ್ಟರುಗಳು ಸಾಗುತ್ತಿರುತ್ತವೆ. ಆ ಹುಡುಗರಿಗೆ ಓಟ ಹವ್ಯಾಸವಲ್ಲ, ಬದುಕಿನ ದಾರಿ. ಅವರನ್ನು ಡಾಂಬರಿನಿಂದ ಇಳಿಸಿ ಹೊಲದ ದಾರಿಗೆ ತರುವುದು ಸಾಧ್ಯ. ನಕಾಶೆಯಲ್ಲಿದ್ದು ನೆಲದ ಮೇಲೆ ಮಾಯವಾದ ಬಂಡಿದಾರಿಗಳನ್ನು ಗ್ರಾಮ ಪಂಚಾಯತಿಗಳು ಬಿಡಿಸಿ, ಜಾಲಿಯನ್ನು ಕಡಿಸಿ, ಊರಿಗೆ ಮೂರು ನಾಲ್ಕು ಕಿಲೊಮೀಟರಾದರೂ ಓಡಲು ತಕ್ಕ ಜಾಡನ್ನು ಕಾಯ್ದಿರಿಸಬೇಕು. ಅದರಿಂದ ರೈತನ ಬಂಡಿಗೂ ದಾರಿ, ಹುಡುಗನ ಕಾಲಿಗೂ ದಾರಿ. ವರ್ಷಕ್ಕೊಮ್ಮೆ ನಡೆಯುವ ಪಂದ್ಯ ಅಂತಹ ದಾರಿಗಳ ಮೇಲೆ, ಡಿಸೆಂಬರಿನ ತಂಪಿನಲ್ಲಿ, ಬಿಸಿಲೇರುವ ಮೊದಲೇ ಮುಗಿಯುವಂತೆ ನಡೆಯಲಿ. ಆಗ ಪಂದ್ಯದ ದಿನ ಬಂದುಹೋದ ಮೇಲೆಯೂ ದಾರಿ ಉಳಿಯುತ್ತದೆ. ಮರುದಿನ ನಸುಕಿನಲ್ಲಿ ಅದರ ಮೇಲೆ ಓಡುವವರೂ ಇರುತ್ತಾರೆ.